ಗಾಳಿ ದ್ಯಾವಪ್ಪ ಮತ್ತು ತಾಯಮ್ಮನ ಬೀಸುಕಲ್ಲು

ಗಾಳಿ ದ್ಯಾವಪ್ಪನ ಹೆಲಿಕಾಪ್ಟರಿನಾಗ, ಮುಂದಿನ ಕುರ್ಚಿ ಮ್ಯಾಲ, ಅವನ ಎಡಕ್ಕ ಕೂತವ ಈ ಊರಾಗ ನಾನೊಬ್ಬನೇ. ಈ ಕಟ್ಟಿ ಮ್ಯಾಲ ಕೂತೋರಾಗ ಸುಳ್ಳು ಅನ್ನೋರಿದ್ದರ ಮುಂದ ಬರ್ರಿ. ಯಾರೂ ಇಲ್ಲ. ನೋಡಿದೋರೆಲ್ಲ ಮಣ್ಣಾಗ್ಯಾರ, ದ್ಯಾವಪ್ಪನೂ ಹೋದ, ಉಳಿದವ ನಾನು. ಏ ಮಾನಮ್ಮ, ನಗಬ್ಯಾಡ. ಈ ಊರಿಗೆ ಸೊಸಿಯಾಗಿ ಬಂದು ಇನ್ನಾ ಮೂರು ವರ್ಷ ಆಗಿಲ್ಲ, ಆಗಲೇ ಅಜ್ಜನ ಮಾತಿಗೆ ನಗು. ಮೊರದಾಗಿನ ಜ್ವಾಳ ಹಸನ ಮಾಡು, ಕಿವಿ ಇತ್ತ ಇಡು.

ಹಿಂದಕ, ಭಾಳ ಹಿಂದಕ, ಹೊಳಿ ನಡುವಿನ ಒಂದೂರಾಗ ಒಬ್ಬ ಅಂಬಿಗನ ಮಗ ಇದ್ದ. ಯಾವೂರು ಅಂತ ಕೇಳಬ್ಯಾಡ್ರಿ, ಇದೇ ನಮ್ಮ ಕೌಜಗನಗಡ್ಡಿ. ಸುತ್ತ ಕೃಷ್ಣಾ, ನಡುವ ನಾವು. ಆಚಿ ದಂಡಿಗೆ ಹೋಗಬೇಕಂದರ ಹರಿಗೋಲೇ ಗತಿ. ಆ ಹುಡುಗ ಹುಟ್ಟಿದ್ದೂ ಹರಿಗೋಲಿನಾಗಂತ. ಅವ ಹುಟ್ಟಿದ ಗಳಿಗಿಗೆ ಹರಿಗೋಲು ಗರಗರ ಏಳು ಸುತ್ತು ತಿರುಗಿತಂತ. ತೊಟ್ಟಿಲು ತೂಗಿದರ ಅಳತಿದ್ದ, ತಿರುವಿದರ ನಗತಿದ್ದ ಅಂತಾರ. ಅವನೇ ದ್ಯಾವಪ್ಪ.

ದೊಡ್ಡವನಾಗಿ ಮಿಲಿಟರಿ ಸೇರಿದ. ಅಲ್ಲಿ ಎಲ್ಲಾರಿಗೂ ಬಂದೂಕು ಕೊಟ್ಟರು, ಇವನಿಗೆ ಹೆಲಿಕಾಪ್ಟರು ಕೊಟ್ಟರಂತ. ಸುಳಿಯಾಗ ಹರಿಗೋಲು ನಿಂದರಿಸಿದಂಗ ಇವ ಅದನ್ನ ಗಾಳಿಯಾಗ ನಿಂದರಿಸಿದ. ಹಿಮದ ಗುಡ್ಡದಾಗ, ಉಸಿರಿಗೂ ಗಾಳಿ ಸಾಲದಂಥ ಜಾಗದಾಗ, ಗಾಯ ಆದ ಸಿಪಾಯಿಗಳನ್ನ ಒಬ್ಬೊಬ್ಬರನ್ನೇ ಎತ್ತಿ ತಂದನಂತ. ನೂರು ಮಂದಿ ಅಂತಾರ. ನಾನು ನೂರಾ ನಲವತ್ತು ಅಂತೀನಿ. ಗುಂಡಿಗೆ ಅಂಜಲಿಲ್ಲ, ಹಿಮಕ್ಕ ಅಂಜಲಿಲ್ಲ. ಅಂಥವನಿಗೆ ಹಣಿ ಹಣಿ ಬಡಕೊಳ್ಳೂದು ಕಲಿಸಿದೋರು ಯಾರು? ನಾವು. ಅವನ ಊರಿನೋರು.

ಅದು ಹೆಂಗಂದರ, ಒಂದು ವರ್ಷ ಹೊಳಿ ಊರೊಳಗ ಬಂತು. ಹನುಮಪ್ಪನ ಗುಡಿ ಮೆಟ್ಟಲು ಮುಳುಗಿತು, ಹರಿಗೋಲು ಇಳಿಸೋ ಹಂಗಿಲ್ಲ. ಮಿಲಿಟರಿಯೋರು ದ್ಯಾವಪ್ಪನ್ನೇ ಕಳಿಸಿದರು. ಎತ್ತರದ ಕಣದಾಗ ಇಳಿದ. ಇಳಿದ ಕೂಡಲೇ ಬಣವಿ ಹಾರಿತು, ಮಂದಿ ತಲಿಗೆ ಸುತ್ತಿದ ಪಟಗ ಹಾರಿದವು. ಹಾರಿದ ಪಟಗ ಹಿಡಿಯಾಕ ಮಂದಿ ಓಡಿದರು. ಅವ ಬಾ ಅಂತ ಕೈ ಬೀಸತಾನ, ಇವರು ಪಟಗದ ಹಿಂದ! ಜೀವಕ್ಕಿಂತ ಪಟಗ ಹೆಚ್ಚಾತು.

ಮೊದಲನೇ ಸರದಿಗೆ ಮುದುಕರು ಹತ್ತಲಿ ಅಂದ. ಒಬ್ಬ ಮುದುಕ ತಾ ಮಲಗೋ ಹೊರಸು ಹೊತಗೊಂಡು ಬಂದ. ಎರಡನೇ ಸರದಿಗೆ ಮಕ್ಕಳು ಬರಲಿ ಅಂದ. ಮಕ್ಕಳ ಜೋಡಿ ಕೋಳಿ ಬುಟ್ಟಿ ಬಂತು. ಒಳಗ ಕೋಳಿ ಹಾರಿ ಅವನ ತಲಿ ಮ್ಯಾಲ ಕೂತಿತಂತ. ಆ ಕೋಳಿ ಇಟ್ಟುಕೊಂಡೇ ಹೊಳಿ ದಾಟಿದನಂತ.

ಮೂರನೇ ಸಲ ಬಂದಾಗ ಹೊತ್ತು ಇಳಿದಿತ್ತು, ಮ್ವಾಡ ಒತ್ತಿ ಬಂದಿತ್ತು. ಆಗ ಹೇಳಿದರು ನೋಡ್ರಿ, ಹುಸೇನಮ್ಮಗ ನಿನ್ನಿಯಿಂದ ಹೆರಿಗಿ ಬ್ಯಾನಿ ಅಂತ. ಕೂಸು ಅಡ್ಡ ತಿರುಗ್ಯಾದ, ದವಾಖಾನಿ ಮುಟ್ಟದಿದ್ದರ ಎರಡೂ ಜೀವ ಉಳಿಯೂದಿಲ್ಲ ಅಂತ ಸೂಲಗಿತ್ತಿ ದುರುಗಮ್ಮ ಅಂದಳು. ಮೊದಲೇ ಯಾಕ ಹೇಳಲಿಲ್ಲ ಅಂತ ದ್ಯಾವಪ್ಪ ಕೇಳಿದ. ಬ್ಯಾನಿ ಸುದ್ದಿ ಎಷ್ಟು ಕಿವಿಗೆ ಬೀಳತದ, ಹೆರಿಗಿ ಅಷ್ಟು ತಾಸು ತಡ ಆಗ್ತದ, ಅದಕ್ಕ ಮುಚ್ಚಿಟ್ಟೆ ಅಂದಳು ಅತ್ತಿ ತಾಯಮ್ಮ. ದ್ಯಾವಪ್ಪ ಹಣಿ ಬಡಕೊಂಡ. ಅದು ಮೊದಲನೇ ಸಲ.

ಹುಸೇನಮ್ಮನ್ನ ಹಿಂದ ಮಲಗಿಸಿದರು. ಪಕ್ಕಕ್ಕ ದುರುಗಮ್ಮ, ಕಾಲ ಹತ್ತರ ಕೌದಿ ಗಂಟು ಅಪ್ಪಿಕೊಂಡು ತಾಯಮ್ಮ. ಮುಂದಿನ ಕುರ್ಚಿಗೆ ಒಬ್ಬ ಅಂಬಿಗ. ಹೆಲಿಕಾಪ್ಟರು ಗುಡುಗಿತು, ಮೊಣಕಾಲಷ್ಟು ಎದ್ದಿತು, ಕೂತಿತು. ಮತ್ತ ಎದ್ದಿತು, ಮತ್ತ ಕೂತಿತು, ಗಬ್ಬದ ಎಮ್ಮಿ ಹಂಗ. ಹುಸೇನಮ್ಮ ಒಂದೇ ಸವನ ಚೀರತಾಳ. ಎರಡು ಸರದಿಗೆ ಎದ್ದದ್ದು ಈಗ್ಯಾಕ ಏಳವಲ್ದು ಅಂತ ದ್ಯಾವಪ್ಪ ಕೆಳಗಿಳಿದು ಕೌದಿ ಬಿಚ್ಚಿದ.

ಬೀಸುಕಲ್ಲು! ಕೆಳಗಿನ ಹಾಸುಗಲ್ಲು, ಗೂಟದ ಸಮೇತ.

"ಯವ್ವಾ, ಇದು ಯಾಕವ್ವಾ?" ಅಂದನಂತ. ಪಾಪ, ಅವನ ದನಿಯಾಗ ಸಿಟ್ಟೂ ಇರಲಿಲ್ಲಂತ, ಅಳುವೇ ಇತ್ತಂತ.

ತಾಯಮ್ಮ ಬಿಡಲಿಲ್ಲ. ಹೊಳಿ ಬಂದಾಗ ಬೀಸುಕಲ್ಲು ಬಿಟ್ಟು ಹ್ವಾದ ಮನಿಯಾಗ ತೊಟ್ಟಿಲು ತೂಗೂದಿಲ್ಲ, ತನ್ನ ಅತ್ತಿ ಹೇಳ್ಯಾಳ, ಅತ್ತಿಯ ಅತ್ತಿ ಹೇಳ್ಯಾಳ. ಕೂಸು ಬದುಕಲಿ ಅಂತಲೇ ಕಲ್ಲು ತಂದೀನಿ ಅಂದಳು. ನೋಡ್ರಿ ಕರ್ಮ! ಕೂಸಿನ ಸಲುವಾಗಿ ತಂದ ಕಲ್ಲೇ ಕೂಸಿನ ಎದಿ ಮ್ಯಾಲ ಕೂತದ. ಅರ್ಧ ತಾಸು ವಾದ. ನೀರು ಕಣದ ಅಂಚಿಗೆ ಬಂತು, ಉಳಿದ ಮಂದಿ ಇನ್ನೂ ಎತ್ತರದ ದಿಬ್ಬ ಹತ್ತಿದರು. ಕಡೀಕ ದ್ಯಾವಪ್ಪ ಹೊಳಿ ನೀರು ಬೊಗಸಿಯಾಗ ಹಿಡಿದು ಆಣಿ ಮಾಡಿದ. ಮೊದಲು ಸೊಸಿ, ಆಮ್ಯಾಲ ಕಲ್ಲು, ಹೊತ್ತು ಮುಳುಗೂದರಾಗ ನಿನ್ನ ಕಲ್ಲು ನಿನ್ನ ಮುಂದ ಇಡತೀನಿ ಅಂದ. ಅಂಬಿಗನ ಮಗ ಹೊಳಿ ನೀರಿನ ಆಣಿ ಮುರಿಯೂದಿಲ್ಲಂತ ಆಕಿಗೆ ಗೊತ್ತಿತ್ತು. ಕಲ್ಲು ಇಳಿಸಿದರು.

ಮತ್ತೂ ಏಳಲಿಲ್ಲ!

ದ್ಯಾವಪ್ಪ ಮುಂದಿನ ಕುರ್ಚಿ ಕೆಳಗ ಬಗ್ಗಿ ನೋಡಿದ. ಬೀಸುಕಲ್ಲಿನ ಮ್ಯಾಲಿನ ಕಲ್ಲು ಅಲ್ಲಿತ್ತು. ಅದರ ಪಕ್ಕ ಮತ್ತೆರಡು ಗುಂಡುಕಲ್ಲು. ಇಟ್ಟವ ಆ ಅಂಬಿಗ. ಅವನ ಲೆಕ್ಕ ಏನಪಾ ಅಂದರ, ಹರಿಗೋಲು ಹಗುರಾದರ ಗಾಳಿಗೆ ಓಲಾಡತದ, ಅದಕ್ಕ ತಳಕ್ಕ ಕಲ್ಲು ಇಡತೀವಿ. ಇದಕ್ಕೂ ಇಟ್ಟರ ಬಸುರಿಗೆ ಕುಲುಕಾಟ ತಪ್ಪತದ. ಒಳ್ಳೇದಕ್ಕೇ ಇಟ್ಟಿದ್ದ. ದ್ಯಾವಪ್ಪ ಅವನ ಮಾರಿ ನೋಡಿದ. ನಮ್ಮಪ್ಪನೂ ಇಡತಿದ್ದನೋ ಮಾರಾಯ, ಆದರ ಇದರ ಕೆಳಗ ನೀರಿಲ್ಲ, ಬರೇ ಗಾಳಿ ಅದ ಅಂದ. ಅಂದು, ಬಲಗಿವಿ ಹಿಡಿದು ಅವನ್ನ ದರದರ ಕೆಳಗ ಎಳೆದ. ಕಿವಿ ಎರಡು ಬೆರಳು ಉದ್ದ ಆತಂತ, ಮತ್ತ ಹಿಂದಕ ಹೋಗಲೇ ಇಲ್ಲಂತ.

ಆಗ ಎದ್ದಿತು ನೋಡ್ರಿ. ಕೌಜಗ ಹಕ್ಕಿ ಎದ್ದಂಗ ಎದ್ದಿತು. ದವಾಖಾನಿ ಅಂಗಳದಾಗ ಇಳಿಯೂದಕ್ಕೂ ಡಾಕ್ಟರಮ್ಮ ಓಡಿ ಬರೂದಕ್ಕೂ ಸರಿ ಆತು. ತಾಯಿ ಉಳಿದಳು, ಕೂಸೂ ಉಳೀತು. ಹೆಣ್ಣು ಕೂಸು.

ಸಾಕು, ಇನ್ನ ಹಾರಬ್ಯಾಡ, ಮಳಿ ಬಂತು ಅಂದರಂತ ಮ್ಯಾಲಿನ ಸಾಹೇಬರು. ಕಣದಾಗ ಒಬ್ಬ ಮನಷಾ ಉಳಿದಾನ, ಒಂದು ಆಣಿ ಉಳಿದದ ಅಂದು ಇವ ಹಾರಿದ. ಕಣದಾಗ ಸೊಂಟಮಟ ನೀರಾಗ ಆ ಅಂಬಿಗ ಬೀಸುಕಲ್ಲು ತಬ್ಬಿಕೊಂಡು ನಿಂತಿದ್ದ. ಅವನೇ ಎರಡೂ ಕಲ್ಲು ಜೋಡಿಸಿ ಹಗ್ಗ ಬಿಗಿದು ಹೆಲಿಕಾಪ್ಟರಿನ ಕೆಳಗ ಜೋತು ಹಾಕಿದ. ದ್ಯಾವಪ್ಪ ಅವನ್ನ ಹಿಂದ, ಕಣದ ಗ್ವಾಡಿ ಮ್ಯಾಲ ಉಳಿದಿದ್ದ ಎರಡು ಆಡಿನ ನಡುವ ಕೂಡಿಸಿದ. ಕಲ್ಲು ಗಾಳಿಗೆ ಗರಗರ ತಿರುಗಿತು. ಬಾಯಾಗ ಉಳಿದಿದ್ದ ಒಂದು ಹಿಡಿ ಜ್ವಾಳ ಬೀಸಿತು, ಮೂರೂರಿನ ಮ್ಯಾಲ ಹಿಟ್ಟು ಉದುರಿತಂತ. ಅವತ್ತು ಆ ಮೂರೂರಾಗ ಯಾರೂ ಬೀಸಲಿಲ್ಲ, ಬರೇ ರೊಟ್ಟಿ ತಟ್ಟಿದರಂತ. ಹೊತ್ತು ಮುಳುಗೂದರಾಗ ಕಲ್ಲು ತಾಯಮ್ಮನ ಮುಂದ ಇಳೀತು. ಈ ಕಲ್ಲು ಏನಪ್ಪಾ ಅಂತ ಸಾಹೇಬರು ಕೇಳಿದ್ದಕ್ಕ ಬಾಣಂತಿ ಸಾಮಾನು ಸಾಹೇಬರ ಅಂದನಂತ ದ್ಯಾವಪ್ಪ.

ಮಿಲಿಟರಿ ಬಿಟ್ಟ ಮ್ಯಾಲ ಖಾಸಗಿ ಹೆಲಿಕಾಪ್ಟರು ಹೊಡೆದ. ಅಲ್ಲೂ ಅದೇ ಕಾಟ. ಎಲೆಕ್ಷನ್ನಿಗೆ ನಿಂತವರು ಹತ್ತಿದರ ಮಾಲಿ ತುಂಬಿದ ಡಬ್ಬಿ, ಲಗ್ನದೋರು ಹತ್ತಿದರ ಬೀಗರ ಮ್ಯಾಲ ಉದುರಿಸಾಕ ಹೂವಿನ ಚೀಲ. ಹತ್ತೋರನ್ನೆಲ್ಲಾ ಅವ ಕೇಳೋ ಮೊದಲನೇ ಮಾತು, ಕಲ್ಲೇನರ ಅದ ಏನ್ರಿ? ಕಡೀಕ ಎಲ್ಲಾ ಬಿಟ್ಟು ಇಲ್ಲಿಗೇ ಬಂದ, ಅಪ್ಪನ ಹರಿಗೋಲಿನ ಹುಟ್ಟು ಹಿಡಿದ, ಇಲ್ಲೇ ಮಣ್ಣಾದ.

ಇವತ್ತಿಗೂ ನಮ್ಮೂರ ಮ್ಯಾಲ ಹೆಲಿಕಾಪ್ಟರು ಹ್ವಾದರ ಹೆಣ್ಣುಮಕ್ಕಳು ಒಂದು ಚಿಟಿಕಿ ಹಿಟ್ಟು ಮ್ಯಾಲಕ್ಕ ತೂರತಾರ. ಬಸುರಿ ಹತ್ತಿದರ ಅಂಬಿಗರು ಹರಿಗೋಲಿನ ತಳದ ಕಲ್ಲು ತೆಗೆದು ದಂಡಿಗೆ ಇಡತಾರ. ಹರಿಗೋಲು ಓಲಾಡತದ, ಖರೇ. ಆದರೂ ತೆಗೀತಾರ.

ಮಾನಮ್ಮ ಮೊರ ಕೆಳಗಿಟ್ಟಳು. ಆಕಿಗೂ ಈಗ ಏಳು ತಿಂಗಳು.

"ಅಜ್ಜಾ, ಪೈಲಟನ ಎಡಕ್ಕ ಎಷ್ಟು ಕುರ್ಚಿ ಇದ್ದವು?"

ಒಂದೇ ಅಂದೆ.

"ಮತ್ತ ಅದರಾಗ ಆ ಅಂಬಿಗ ಕೂತಿದ್ದ ಅಂದಿ. ಊರಾಗ ನೀನೊಬ್ಬನೇ ಕೂತವ ಅಂತನೂ ಅಂದಿ. ಅದಿರಲಿ, ನಿನ್ನ ಬಲಗಿವಿ ಯಾಕ ಅಷ್ಟು ಉದ್ದ ಅದ?"

ಕಟ್ಟಿ ಮ್ಯಾಲಿನೋರೆಲ್ಲ ನನ್ನ ಕಿವಿ ನೋಡಿದರು. ಏನು ಮಂದಿನೋ! ನೂರಾ ನಲವತ್ತು ಸಿಪಾಯಿಗಳನ್ನ ಎಣಿಸಲಿಲ್ಲ, ಮೂರೂರಿನ ಹಿಟ್ಟು ಅಳೀಲಿಲ್ಲ, ಒಂದು ಕುರ್ಚಿ, ಒಂದು ಕಿವಿ ಹಿಡಕೊಂಡು ಕೂತರು. ನಾನು ಪಟಗ ಬಲಕ್ಕ ಜಗ್ಗಿಕೊಂಡೆ, ಭುಜ ಹಾರಿಸಿದೆ.

"ಆ ಕುರ್ಚಿ ಮ್ಯಾಲ ಕೂತಿದ್ದೆ ಅಂದೀನಿ. ಅದರ ಮ್ಯಾಲ ಕೂತು ಹಾರಿದ್ದೆ ಅಂತ ಯಾವಾಗ ಅಂದೆನವ್ವಾ?"