ಕಳ್ಳಿಮಡುವಿನ ಹೆಸರು

ತೊರೆಬಾಗಿಲು ಎಂಬ ಊರಿನ ಕೆಳಗೆ ಹೆಗ್ಗಲ ಹೊಳೆ ಬಳುಕಿ ತಿರುಗುವಲ್ಲಿ ಒಂದು ಮಡುವಿದೆ. ಬೇಸಿಗೆಯಲ್ಲೂ ಎರಡಾಳುದ್ದ ನೀರು. ದಡದ ತುಂಬ ಹೊಳೆಮತ್ತಿ, ಹೊಂಗೆ, ಲಕ್ಕಿಗಿಡ. ನೀರಿನಲ್ಲಿ ಅಡ್ಡಾದಿಡ್ಡಿ ಬಿದ್ದ ಕೊರಡುಗಳು. ಹೆಸರು ಮಾತ್ರ ಕಳ್ಳಿಮಡು. ಹೊಸಬರು ಕಳ್ಳಿಗಿಡ ಎಲ್ಲಿದೆಯೆಂದು ಹುಡುಕುತ್ತಾರೆ. ಒಂದೂ ಇಲ್ಲ. ಆ ಹೆಸರು ಗಿಡದಿಂದ ಬಂದದ್ದಲ್ಲ, ಕಳವಿನ ಮಾತು ಹೊತ್ತ ಒಬ್ಬ ಹೆಂಗಸಿನಿಂದ ಬಂದದ್ದು ಎನ್ನುತ್ತಾರೆ ಹಿರಿಯರು.

ಹಿಂದೆ ಒಮ್ಮೆ ಈ ಸೀಮೆಯ ಪಾಳೆಯಗಾರನು ಕೋಟೆಯ ಕೆಲಸಕ್ಕೆಂದು ಹೊಳೆಯ ಎರಡೂ ದಡದ ಮರಗಳನ್ನು ಕಡಿಸಿದನಂತೆ. ನೀರಿನಲ್ಲಿದ್ದ ಕೊರಡುಗಳನ್ನೂ ಬಿಡದೆ ಸುಣ್ಣ ಸುಡುವ ಗೂಡಿಗೆ ಎಳೆಸಿದನಂತೆ. ಬೇರಿನ ಹಿಡಿತ ತಪ್ಪಿದ ದಡ ಮಳೆಮಳೆಗೂ ಕುಸಿಯಿತು. ಬಳುಕಿ ಹರಿಯುತ್ತಿದ್ದ ಹೊಳೆ ಹಗ್ಗ ಬಿಚ್ಚಿದ ಹೋರಿಯಂತೆ ನೆಟ್ಟಗೆ ನುಗ್ಗಿ, ತನ್ನ ತಳವನ್ನೇ ಕೊರೆದುಕೊಂಡು ಕೆಳಗಿಳಿಯಿತು. ಊರ ಕೆರೆಗೆ ನೀರೊಯ್ಯುವ ಕಾಲುವೆಯ ಬಾಯಿ ಮೇಲೆಯೇ ಉಳಿದು ಗದ್ದೆಗಳು ಒಣಗಿದವು. ನೀರು ಬಾರದಿದ್ದರೆ ಯಾರೋ ಕದ್ದಿರಬೇಕೆಂದೇ ಊರು ಲೆಕ್ಕ ಹಾಕಿತು. ಮೊದಲು ಆಚೆ ದಡದ ಅರಳಹಳ್ಳಿಯ ಮೇಲೆ ಕಣ್ಣು ಬಿತ್ತು. ಆಮೇಲೆ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಓಬಯ್ಯನ ಮೇಲೆಯೂ.

ಓಬಯ್ಯ ಬಂದರೆ ಅರಳಿಕಟ್ಟೆಯ ಮೇಲಿನ ಮಾತು ತಟ್ಟನೆ ನಿಲ್ಲತೊಡಗಿತು. ಕಳ್ಳರನ್ನು ಹಿಡಿದುಕೊಡದೆ ತನಗೆ ಉಳಿಗಾಲವಿಲ್ಲವೆಂದು ಅವನು ದಿನವೂ ಹೊಳೆಯುದ್ದಕ್ಕೂ ಅಲೆದ. ಒಂದು ದಿನ ತಿರುವಿನಲ್ಲಿ ಹೊಸದಾಗಿ ನೆಟ್ಟ ಗೂಟಗಳು ಕಂಡವು. ಗೂಟಗಳ ನಡುವೆ ಬುಟ್ಟಿಯಂತೆ ಹೆಣೆದ ಕಡ್ಡಿ, ಅದಕ್ಕೊರಗಿಸಿದ ಕೊರಡು. ಮರುದಿನ ಬಂಡೆಯ ಮರೆಯಲ್ಲಿ ಕುಳಿತು ಕಾದ. ಬಂದವಳು ಊರಿಗೆಲ್ಲ ಮೊರ, ಬುಟ್ಟಿ ಹೆಣೆದುಕೊಡುವ ಮೇದರ ಕೇತಮ್ಮ. ಅವಳ ತವರು ಅರಳಹಳ್ಳಿ! ಅವನಿಗೆ ಇನ್ನೇನು ಬೇಕಿತ್ತು? “ಕಳ್ಳಿ, ಕಳ್ಳಿ!” ಎಂದು ಕೂಗಿ ಊರನ್ನೇ ನೆರೆಸಿದ.

“ತವರಿಗೆ ನೀರು ತಿರುಗಿಸ್ತಿದ್ದೀಯೇನೇ?” ಎಂದ ಗೌಡ.

“ತಿರುಗಿಸ್ತಿಲ್ಲ ಗೌಡ್ರೇ, ಮಣ್ಣು ಕೊಚ್ಚಿಹೋಗೋದನ್ನ ತಡೀತಿದ್ದೀನಿ. ನನ್ನ ಬಿದಿರುಮೆಳೆ ಕೊಚ್ಚಿಹೋಯ್ತು. ಮೇಲ್ಗಡೆ ಒಂದು ಮರ ಅಡ್ಡ ಬಿದ್ದಿರೋ ಕಡೆ ಮಣ್ಣು ನಿಂತು ಬಿದಿರು ಚಿಗುರೈತೆ. ಅದನ್ನ ನೋಡಿ ಕಲ್ತೆ.”

ಯಾರೂ ನಂಬಲಿಲ್ಲ. ಅವಳನ್ನು ಊರು ಬಿಡಿಸಿದರು. ಗೂಟ ಕೀಳುವ ಕೆಲಸ ಓಬಯ್ಯನಿಗೆ ಬಿತ್ತು. ನಾಲ್ಕು ಗೂಟ ಕಿತ್ತ. ಐದನೆಯದು ಬರಲಿಲ್ಲ. ಬಗ್ಗಿ ನೋಡಿದರೆ ಲಕ್ಕಿಯ ಹಸಿಗೂಟ ಬೇರು ಬಿಟ್ಟಿತ್ತು, ಹಿಂದೆ ಮೊಣಕಾಲುದ್ದ ಮೆಕ್ಕಲು ಕೂತಿತ್ತು. ಆದರೂ ಅವನ ಅನುಮಾನ ಸಾಯಲಿಲ್ಲ. ಹೊಳೆ ದಾಟಿ ಅರಳಹಳ್ಳಿಯ ಕಾಲುವೆಯನ್ನೇ ನೋಡಲು ಹೋದ. ಅದರ ಬಾಯಿಗೆ ಜೇಡರ ಬಲೆ ಕಟ್ಟಿತ್ತು. ಅಲ್ಲಿಗೂ ಹನಿ ನೀರು ಹೋಗಿರಲಿಲ್ಲ. ಓಬಯ್ಯ ಹಿಂತಿರುಗಿದ. ಉಳಿದ ಗೂಟಗಳನ್ನು ಮುಟ್ಟದೆ, ಎಲ್ಲ ಕಿತ್ತೆನೆಂದು ಗೌಡನಿಗೆ ಸುಳ್ಳು ಹೇಳಿದ.

ಆ ಮಳೆಗಾಲದಲ್ಲಿ ತೇಲಿಬಂದ ಮರಗಳು ಆ ಗೂಟಗಳಿಗೆ ಸಿಕ್ಕಿ ಒಂದರ ಮೇಲೊಂದು ಕೂತವು. ಮರಳು ನಿಂತಿತು, ತಳ ಮೇಲೆದ್ದಿತು, ಹೊಳೆ ಬಳುಕಿತು, ತಿರುವಿನಲ್ಲಿ ಮಡು ನಿಂತಿತು. ಮೂರನೆಯ ಮಳೆಗಾಲಕ್ಕೆ ಕಾಲುವೆಗೆ ನೀರು ಹತ್ತಿತು. ಅಂದೇ ಓಬಯ್ಯ ಅರಳಹಳ್ಳಿಗೆ ಹೋಗಿ, ತವರು ಸೇರಿದ್ದ ಕೇತಮ್ಮನನ್ನು ಊರಿಗೆ ಕರೆದ. “ಕಳ್ಳಿ ಅಂತ ನೀನು ಊರಿಗೇ ಕೇಳೋ ಹಂಗೆ ಕೂಗಿದ್ದೆ. ಅಲ್ಲ ಅಂತ್ಲೂ ಹಂಗೇ ಕೂಗಣ್ಣ, ಬರ್ತೀನಿ” ಎಂದಳು ಅವಳು. ಅವನು ಕಟ್ಟೆ ಹತ್ತಿ ನಿಂತು, ತಾನು ಹೇಳಿದ ಸುಳ್ಳನ್ನೂ ಸೇರಿಸಿ ಕೂಗಿದ. ಇವನಿಗೂ ಅವಳಿಗೂ ಏನೋ ಒಳಸಂಚಿದೆಯೆಂದು ಕೆಲವರು ಪಿಸುಗುಟ್ಟಿದರು. ಕೇತಮ್ಮ ಬಂದಳು, ಬಿದಿರು ನೆಟ್ಟಳು, ಅಲ್ಲೇ ಬಾಳಿದಳು. ನಾಲಿಗೆಗೆ ಹತ್ತಿದ ಕಳ್ಳಿಯೆಂಬ ಹೆಸರು ಮಾತ್ರ ಬಿಡದೆ ಮಡುವಿಗೂ ಅಂಟಿತು.

ಈಗಲೂ ಮಡುವಿಗೆ ಬಿದ್ದ ಮರವನ್ನು ಯಾರೂ ಎತ್ತುವುದಿಲ್ಲ. ಭಕ್ತಿಯಿಂದ ಎಂದು ಭಾವಿಸಬೇಡಿ. ಅರಳಹಳ್ಳಿಯವರು ಒಯ್ದಾರೆಂದು ಇವರು, ಇವರು ಒಯ್ದಾರೆಂದು ಅವರು ಕಣ್ಣಿಟ್ಟು ಕಾಯುತ್ತಾರೆ. ನೋಡಲು ಬಂದ ನೀವು ಒಂದು ಕಡ್ಡಿಗೆ ಬಗ್ಗಿದರೂ ಸಾಕು, ಎರಡೂ ದಡದಿಂದ ಒಟ್ಟಿಗೆ ದನಿ ಏಳುತ್ತದೆ: “ಯಾರದು?”