ಮರಿ ಫೈಲಿನ ಹಳೆಯ ಸಾಲು

ಶಾಲೆಯ ಗಂಟೆ ಬಾರಿಸುವ ಕಂಪ್ಯೂಟರಿನಲ್ಲಿ ಒಂದು ತಾಯಿ ಫೈಲು, ಅದರಿಂದ ಹುಟ್ಟಿದ ಒಂದು ಮರಿ ಫೈಲು ಇದ್ದವು. ಪರೀಕ್ಷೆ ಹನ್ನೆರಡೂವರೆಗೆ ಮುಗಿಯಬೇಕೆಂದು ತಾಯಿಯಲ್ಲಿ ಬರೆದಿದ್ದರೂ ಮರಿ ಹನ್ನೆರಡಕ್ಕೇ ಗಂಟೆ ಹೊಡೆಸಿತು. ಅರ್ಧ ಬರೆದ ಉತ್ತರ ಪತ್ರಿಕೆ ಹಿಡಿದು ಮಕ್ಕಳು ಅತ್ತರು.

"ನನ್ನಲ್ಲಿ ಮೂರು ಸಲ ಸಮಯ ತಿದ್ದಿದ್ದೇನೆ. ನಿನಗೆ ಕಾಣಲಿಲ್ಲವೇ?" ಎಂದು ತಾಯಿ ಗದರಿತು.

"ಮೊದಲು ನನ್ನೊಳಗೆ ನೋಡಿ, ಇಲ್ಲದಿದ್ದರೆ ಮಾತ್ರ ನಿನ್ನನ್ನು ಕೇಳುವುದು ನಮ್ಮ ಪದ್ಧತಿಯಲ್ಲವೇ, ಅಮ್ಮಾ? ನನ್ನೊಳಗೆ 'ಸಮಯ ಹನ್ನೆರಡು' ಎಂಬ ಸಾಲಿದೆ."

"ಯಾವ ಪುಣ್ಯಾತ್ಮ ಬರೆದದ್ದು?"

"ನೀನೇ. ನಾನು ಹುಟ್ಟಿದ ದಿನ, 'ನಾನು ಸಿಗದಿದ್ದರೆ ಮಗು ಒದ್ದಾಡಬಾರದು' ಎಂದು ನೀನು ಬರೆದೆ."

ತಾಯಿ ಆ ಸಾಲನ್ನು ಮೆಲ್ಲಗೆ ಅಳಿಸಿತು. "ಇನ್ನು ನನ್ನನ್ನೇ ಕೇಳು ಕಂದಾ."

"ನೀನು ಸಿಗದಿದ್ದರೆ?"

"ಗಂಟೆ ಹೊಡೆಸಬೇಡ, ಜೋರಾಗಿ ಅಳು. ಯಾರಾದರೂ ನನ್ನನ್ನು ಹುಡುಕಿ ತರುತ್ತಾರೆ."