ಹೊತ್ತವ್ವನ ಮಡ್ಡಿ

ತುಂಗಭದ್ರೆಯ ದಂಡೆಯಲ್ಲಿ, ಬೇವಿನಕಟ್ಟಿಗೂ ಗೊಣ್ಣಿಹಾಳಕ್ಕೂ ನಡುವೆ, ಜಾಲಿ, ಕಾರೆ, ತಂಗಡಿ ಗಿಡಗಳು ಒಂದರ ಮೈಗೊಂದು ತಾಗಿಕೊಂಡು ನಿಂತ ಎಪ್ಪತ್ತು ಎಕರೆ ಕುರುಚಲು ಕಾಡಿದೆ. ಡಾಂಬರು ರಸ್ತೆಯಿಂದ ಅಲ್ಲಿಗೆ ಒಂದು ತಾಸಿನ ನಡಿಗೆ. ದಾರಿಯಲ್ಲಿ ಮನೆಯಿಲ್ಲ, ಬಾವಿಯಿಲ್ಲ. ಎರಡು ವರ್ಷಗಳಿಂದ ಅಲ್ಲೊಂದು ಬೋರ್ಡು ನಿಂತಿದೆ: 'ನದಿಗೆ ಹತ್ತಿದ ಪ್ರಶಾಂತ ಏಕಾಂತ ತಾಣ ಮಾರಾಟಕ್ಕಿದೆ.' ಏಕಾಂತವೇನೋ ನಿಜ. ಅದು ಎಲ್ಲಿಂದ ಬಂತೆಂದು ಬರೆಯಲು ಬೋರ್ಡಿನಲ್ಲಿ ಜಾಗ ಸಾಲದಾಗಿರಬೇಕು. ಸುತ್ತಲಿನವರು ಈ ದಿಣ್ಣೆ ನೆಲವನ್ನು ಹೊತ್ತವ್ವನ ಮಡ್ಡಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಮಡ್ಡಿ ತಮ್ಮದೆಂದು ಎರಡೂ ಊರಿನ ಗೌಡರು ಹಟ ಹಿಡಿದರಂತೆ. ಆಗ ಗಡಿಯ ವ್ಯಾಜ್ಯ ಹರಿಯಬೇಕಾದರೆ ಊರಿನ ಚಾಕರಿ ಮಾಡುವ ಕುಳವಾಡಿ ಮಣ್ಣು ಹೊರಬೇಕಿತ್ತು. ಒದ್ದೆ ಬಟ್ಟೆಯಲ್ಲಿ, ತಲೆಯ ಮೇಲೆ ಮಣ್ಣಿನ ಹೆಂಟೆ ಇಟ್ಟುಕೊಂಡು, ತನ್ನ ಅಜ್ಜ ನಡೆದ ಗೆರೆಯಲ್ಲೇ ನಡೆದು ಹೊರಟ ಕಲ್ಲಿಗೆ ಮರಳಿದರೆ, ಸುತ್ತುವರಿದ ನೆಲವೆಲ್ಲ ಅವನ ಊರಿನದು. ಆಣೆ ಇಟ್ಟು ಹೊರಟವನು ಗೆರೆ ತಪ್ಪಿ ನಡೆದರೆ ಅವನ ವಂಶ ಉಳಿಯದೆಂಬ ನಂಬಿಕೆ. ಬೇವಿನಕಟ್ಟಿಯ ಕುಳವಾಡಿ ಬರಮಪ್ಪನಿಗೆ ಆರು ತಿಂಗಳ ಹೆಣ್ಣುಕೂಸಿತ್ತು. ಅವನ ಹೆಂಡತಿ ಕೆಂಚವ್ವ ಕೂಸನ್ನು ಬಗಲಲ್ಲಿಟ್ಟುಕೊಂಡು ಅವನ ಹಿಂದೆಯೇ ನಡೆದಳು. ಮಡ್ಡಿ ಯಾರಿಗೆ ಹೋದರೂ ಕುಳವಾಡಿಯ ಕೇರಿಗೆ ಬರುವುದು ಸೌದೆಯ ಪುಳ್ಳೆ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಬೇಕಿದ್ದದ್ದು ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದಷ್ಟೆ.

ಮೂರು ದಿಕ್ಕು ಸುಸೂತ್ರವಾಗಿ ಮುಗಿದವು. ನಾಲ್ಕನೆಯದು ಹೊಳೆಯ ಕಡೆಯದು. ಆಣೆ ಇಡಿಸುವಾಗ ಯಾರಿಗೂ ಹೊಳೆಯದ ಸಂಗತಿ ಅಲ್ಲಿ ಕಾದಿತ್ತು. ಅಜ್ಜನ ಕಾಲದಿಂದೀಚೆಗೆ ಹೊಳೆ ದಂಡೆಯನ್ನು ಕೊರೆದು ಒಳಗೆ ಬಂದಿತ್ತು. ಗಡಿಯ ಮೂರು ಕಲ್ಲು ನೀರಿನಡಿ ಸೇರಿದ್ದವು. ಶ್ರಾವಣದ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಬರಮಪ್ಪ ನಿಂತ.

"ಯಾಕೋ ಬರಮ, ನೀರು ಕಂಡು ನಿಮ್ಮಜ್ಜ ಮರತನೇನು?" ಎಂದು ಗೊಣ್ಣಿಹಾಳದ ಗೌಡ ನಕ್ಕ. ಬೇವಿನಕಟ್ಟಿಯ ಗೌಡ ಬರಮಪ್ಪನನ್ನು ತಡೆಯಲಿಲ್ಲ. ಅವನಿಗೆ ಮಡ್ಡಿ ಬೇಕಿತ್ತು.

"ದಂಡಿ ಹಿಡದು ನಡಿ," ಎಂದಳು ಕೆಂಚವ್ವ. "ನೆಲ ಅವರದು, ಜೀವ ನಮ್ಮದು."

ಬರಮಪ್ಪ ಕತ್ತು ಹೊರಳಿಸಲಿಲ್ಲ. ಹೊರಳಿಸಿದರೆ ಹೆಂಟೆ ಬೀಳುತ್ತಿತ್ತು. "ದಂಡಿ ನಮ್ಮಜ್ಜ ನಡದದ್ದಲ್ಲ. ಕೂಸಿನ ಮ್ಯಾಲೆ ಬಂದೀತು," ಎಂದ.

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಮೊದಲನೆಯ ಕಲ್ಲನ್ನು ಕಾಲಿನಿಂದಲೇ ಹುಡುಕಿ ದಾಟಿದ ಎನ್ನುತ್ತಾರೆ. ಎರಡನೆಯದು ಸಿಕ್ಕಿತೋ ಇಲ್ಲವೋ ತಿಳಿಯದು. ಕೆಂಚವ್ವನಿಗೆ ಸ್ವಲ್ಪ ಹೊತ್ತು ಹೆಂಟೆ ಮಾತ್ರ ಕಂಡಿತು. ಆಮೇಲೆ ಅದೂ ಕಾಣಲಿಲ್ಲ.

"ಗೆರೆ ಕೂಡಲಿಲ್ಲ," ಎಂದ ಗೊಣ್ಣಿಹಾಳದ ಗೌಡ. ಕೆಂಚವ್ವ ಕೂಸನ್ನು ಪಕ್ಕದವಳ ಕೈಗೆ ಕೊಟ್ಟಳು. ಗಂಡ ನೀರಿನಿಂದ ಮೇಲೆ ಬರಬೇಕಾಗಿದ್ದ ಜಾಗಕ್ಕೆ ಹೋಗಿ, ಒದ್ದೆ ಮಣ್ಣು ಕಿತ್ತು ತಲೆಯ ಮೇಲಿಟ್ಟುಕೊಂಡು, ಉಳಿದ ದಾರಿ ನಡೆದು ಹೊರಟ ಕಲ್ಲಿಗೆ ಬಂದು ನಿಂತಳು. ಹೆಂಗಸು ಹೊತ್ತ ಮಣ್ಣು ನ್ಯಾಯಕ್ಕೆ ಸಲ್ಲದೆಂದು ಇಬ್ಬರೂ ಗೌಡರು ಅಂದು ಮೊದಲ ಬಾರಿಗೆ ಒಂದೇ ಮಾತು ಆಡಿದರು.

"ಸಲ್ಲದಿದ್ರ ಬಿಡ್ರಿ. ಸಲ್ಲೂತನಕ ನಾ ಇಳಸೂದಿಲ್ಲ," ಎಂದಳು ಕೆಂಚವ್ವ.

ಮಳೆ ಹಿಡಿಯಿತು. ಮಣ್ಣು ಕರಗಿ ಅವಳ ಹಣೆಯ ಮೇಲೆ, ಕಣ್ಣಿನ ಮೇಲೆ ಹರಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಹಾಗೆಯೇ ಕೂಸನ್ನು ಇಸಿದುಕೊಂಡು ಕೇರಿಯ ಕಡೆ ನಡೆದಳು. ಅವಳು ಇಳಿಸಿದ್ದನ್ನು ಕಂಡವರಿಲ್ಲ. ಇಳಿಸದ ಮಣ್ಣಿನ ಭಯಕ್ಕೆ ಎರಡೂ ಊರಿನವರು ಅಲ್ಲಿ ನೇಗಿಲು ಹೂಡಲಿಲ್ಲ, ಮಡ್ಡಿ ಕಾಡಾಯಿತು. ಮುಂದೆ ಅದು ಯಾವ ಕಾಗದದಲ್ಲಿ ಯಾರ ಹೆಸರಿಗೆ ಬಂತೆಂದು ವಿಚಾರಿಸಿದರೆ ಊರಿನವರು ಬೇರೆ ಮಾತು ತೆಗೆಯುತ್ತಾರೆ.

ಈಗ ಕಾರನ್ನು ರಸ್ತೆಯಲ್ಲಿ ಬಿಟ್ಟು ಜಾಗ ನೋಡಲು ಬರುವವರಿಗೆ ಗಡಿಕಲ್ಲುಗಳ ಸಾಲು ಕಾಣುತ್ತದೆ. ಕೊನೆಯ ಕಲ್ಲು ನೀರಿನ ಅಂಚಿನಲ್ಲಿ ವಾಲಿಕೊಂಡಿದೆ. ಒಮ್ಮೊಮ್ಮೆ ಸೌದೆ ಹೊತ್ತ ಹೆಂಗಸರೂ ಎದುರಾಗುತ್ತಾರೆ. ಹೋದ ತಿಂಗಳು ಬಂದವರೊಬ್ಬರು ದಾರಿ ಕೇಳುತ್ತ, "ಪಾಪ, ಹೊರೆ ಇಳಿಸಿ ಹೇಳಮ್ಮ," ಎಂದರು.

"ಇಲ್ಲಿ ಇಳಸೂದಿಲ್ರಿ," ಎಂದು ಆ ಹೆಂಗಸು ಕತ್ತು ಹೊರಳಿಸದೆ ದಾರಿ ತೋರಿಸಿ, ಕಲ್ಲಿನ ಸಾಲು ದಾಟುವವರೆಗೂ ನಿಲ್ಲದೆ ನಡೆದಳು.